ಎಳೆ ನೋಡದೆ ಕತ್ತರಿಸಿದ 24 ಪುಸ್ತಕ

ಕೈಬೈಂಡಿಂಗ್ ನನ್ನ ಹೊಟ್ಟೆಪಾಡು. ಉಡುಗೊರೆಗೆಂದು ಕೇಳಿದವರಿಗೆ ನೋಟ್‌ಬುಕ್ಕು, ಆಲ್ಬಮ್ಮು ಮಾಡಿಕೊಡುತ್ತೇನೆ. ವಾರಕ್ಕೆ ಎರಡು ದಿನ ಕಲಿಯಲು ಬರುವವರಿಗೆ ತರಗತಿ ನಡೆಸುತ್ತೇನೆ. ಹೊಲಿಗೆ, ಅಂಟು, ಅಳತೆ ಎಲ್ಲಕ್ಕಿಂತ ಮೊದಲು ಕಾಗದದ ಎಳೆ, ಅಂದರೆ ಅದರ ನಾರು ಮಲಗಿರುವ ದಿಕ್ಕು, ನೋಡಬೇಕು ಅನ್ನುವುದು ನನ್ನ ತಲೆಗೆ ಹೋಗಿದ್ದು ಒಂದು ದೊಡ್ಡ ಆರ್ಡರ್ ಕೆಟ್ಟ ಮೇಲೆ.

ಈ ಕೆಲಸಕ್ಕೆ ಇಳಿದ ಎರಡನೇ ವರ್ಷ. ಒಂದು ಕಚೇರಿಯವರು ಸಿಬ್ಬಂದಿಗೆ ಕೊಡಲು 24 ನೋಟ್‌ಬುಕ್ ಕೇಳಿದರು. ಎ5 ಅಳತೆ, 2 ಮಿಲಿಮೀಟರ್ ದಪ್ಪದ ರಟ್ಟು, ಮೇಲೆ ಬಣ್ಣದ ದಪ್ಪ ಕಾಗದ. ದಾರಕ್ಕೆ ಜೇನುಮೇಣ ಸವರಿ ಮಡಿಸಿದ ಹಾಳೆಗಳ ಒಂದೊಂದು ಕಂತೆಯನ್ನೂ ಮನಸ್ಸಿಟ್ಟು ಹೊಲಿದೆ. ರಟ್ಟು ಕತ್ತರಿಸುವಾಗ ಮಾತ್ರ ಬೇರೆ ಲೆಕ್ಕ ಹಾಕಿದೆ. ಅಡ್ಡ ತಿರುಗಿಸಿ ಕತ್ತರಿಸಿದರೆ ಒಂದು ಶೀಟಿನಲ್ಲಿ ಎರಡು ತುಂಡು ಹೆಚ್ಚಿಗೆ ಸಿಗುತ್ತಿತ್ತು. ಮೇಲಿನ ಕಾಗದವನ್ನೂ ಹಾಗೇ ಅಡ್ಡಕ್ಕೆ ಕತ್ತರಿಸಿದೆ. ಎಷ್ಟೊಂದು ಉಳಿಯಿತಲ್ಲ ಎಂದು ಖುಷಿಯೂ ಪಟ್ಟೆ.

ಕೊಟ್ಟ ಮೂರನೇ ದಿನ ಫೋನ್ ಬಂತು. ಹೋಗಿ ನೋಡಿದರೆ ಪ್ರತಿ ಪುಸ್ತಕದ ಮೇಲಿನ ರಟ್ಟು ತಲೆಯ ಕಡೆಯೂ ಬುಡದ ಕಡೆಯೂ ಎದ್ದು ದೋಣಿಯಂತಾಗಿದೆ. ಅಂಗೈಯಿಂದ ಒತ್ತಿದರೆ ಕೂರುತ್ತದೆ, ಕೈ ತೆಗೆದರೆ ಮತ್ತೆ ಏಳುತ್ತದೆ. ಅಲ್ಲಿ ನಿಂತ ಆ ಐದು ನಿಮಿಷ ನನಗಿನ್ನೂ ನೆನಪಿದೆ.

ಕಾರಣ ಇಷ್ಟೇ. ಯಂತ್ರದಲ್ಲಿ ಕಾಗದ ತಯಾರಾಗುವಾಗ ತಿರುಳು ಓಡುವ ಜಾಲರಿಯ ಮೇಲೆ ಹರಿಯುತ್ತದೆ, ನಾರುಗಳಲ್ಲಿ ಹೆಚ್ಚಿನವು ಆ ಓಟದ ದಿಕ್ಕಿಗೇ ಮಲಗುತ್ತವೆ. ನಾನು ಎಳೆ ಅನ್ನುವುದು ಆ ದಿಕ್ಕಿಗೆ. ನೀರು ತಾಗಿದಾಗ ನಾರು ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ, ದಪ್ಪಕ್ಕೆ ಉಬ್ಬುತ್ತದೆ. ಅಂದರೆ ಅಂಟು ಹಚ್ಚಿದ ಕಾಗದ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಒಣಗುವಾಗ ಅದೇ ದಿಕ್ಕಿನಲ್ಲಿ ಕುಗ್ಗಿ ರಟ್ಟನ್ನೂ ಎಳೆಯುತ್ತದೆ. ರಟ್ಟಿಗೂ ಎಳೆ ಇದೆ, ಅದು ಎಳೆಯ ಉದ್ದಕ್ಕೆ ಗಟ್ಟಿ, ಅಡ್ಡಕ್ಕೆ ಸುಲಭವಾಗಿ ಬಾಗುತ್ತದೆ. ನಾನು ಎರಡರ ಎಳೆಯನ್ನೂ ಪುಸ್ತಕದ ಬೆನ್ನಿಗೆ ಅಡ್ಡ ಹಾಕಿದ್ದೆ. ಹೊರಗಿನ ಕಾಗದ ದಪ್ಪ, ಒಳಬದಿಗೆ ಅಂಟಿಸಿದ ಹಾಳೆ ತೆಳ್ಳಗೆ. ಎಳೆದಾಟದಲ್ಲಿ ಹೊರಗಿನದೇ ಗೆದ್ದಿತು.

ರಟ್ಟಿನ ಕೀಲಿನ ಹತ್ತಿರ ಬ್ಲೇಡು ಹಾಕಿ 24 ಪುಸ್ತಕದ ಒಳಗಂತೆಗಳನ್ನೂ ಬಿಡಿಸಿದೆ. ಬೆನ್ನಿಗೆ ಹೊಸ ಜಾಳುಬಟ್ಟೆ ಅಂಟಿಸಿ, ಎಳೆ ಬೆನ್ನಿನ ಉದ್ದಕ್ಕೆ ಬರುವಂತೆ ಕತ್ತರಿಸಿದ ಹೊಸ ರಟ್ಟು ಹಾಕಿ ಕೊಟ್ಟೆ. ಹೊಲಿಗೆ ಉಳಿಯಿತು, ನಾಲ್ಕು ರಾತ್ರಿಯ ನಿದ್ದೆ ಹೋಯಿತು.

ಆಮೇಲೆ ನನ್ನ ತರಗತಿಯೇ ಬದಲಾಯಿತು. ಮುಂಚೆ ಎಲ್ಲವನ್ನೂ ನಾನೇ ಕತ್ತರಿಸಿ, ತೂತು ಹಾಕಿ ಇಟ್ಟಿರುತ್ತಿದ್ದೆ. ಬಂದವರು ಹೊಲಿದು ಚಂದದ ಪುಸ್ತಕ ತೆಗೆದುಕೊಂಡು ಹೋಗುತ್ತಿದ್ದರು, ಮನೆಯಲ್ಲಿ ತಾವೇ ಮಾಡಹೋದರೆ ಬರುತ್ತಿರಲಿಲ್ಲ. ಈಗ ಮೊದಲ ಕಾಲು ಗಂಟೆ ಹಳೆಯ ಹಾಳೆಗಳನ್ನು ಸೀಳುವುದೇ ಕೆಲಸ. ಒಮ್ಮೆ ಒಬ್ಬ ಹುಡುಗಿ ಎರಡು ತುಂಡು ಎತ್ತಿ ಹಿಡಿದು, "ಮೇಡಂ, ಹೀಗೆ ಸೀಳಿದ್ರೆ ನೆಟ್ಟಗೆ ಬರುತ್ತೆ, ಹೀಗೆ ಸೀಳಿದ್ರೆ ಎಲ್ಲೆಲ್ಲೋ ಹೋಗುತ್ತೆ" ಅಂದಳು. ನೆಟ್ಟಗೆ ಸೀಳಿದ ದಿಕ್ಕೇ ಎಳೆ ಅಂದೆ. ಸೀಳಲು ಮನಸ್ಸಾಗದ ಒಳ್ಳೆಯ ಕಾಗದವಾದರೆ ಹಾಳೆಯನ್ನು ಮಡಿಸದೆ ಸುಮ್ಮನೆ ಬಾಗಿಸಿ ಅಂಗೈಯಿಂದ ಮೆಲ್ಲಗೆ ಒತ್ತಿ, ಆಮೇಲೆ ತಿರುಗಿಸಿ ಇನ್ನೊಂದು ಕಡೆಗೂ ಒತ್ತಿ. ಯಾವ ಕಡೆ ಕಡಿಮೆ ತಡೆಯುತ್ತದೋ ಆ ಬಾಗಿನ ಗೆರೆಯ ಗುಂಟ ಎಳೆ ಇರುತ್ತದೆ.

ಮನೆಯಲ್ಲಿ ಮಾಡುವವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಪ್ರಿಂಟರಿಗೆ ಹಾಕುವ ಎ4 ಹಾಳೆಗಳಲ್ಲಿ ಹೆಚ್ಚಿನವುಗಳ ಎಳೆ ಉದ್ದಕ್ಕೆ ಇರುತ್ತದೆ. ಅದನ್ನು ಎ5ಗೆ ಮಡಿಸಿದರೆ ಎಳೆ ಬೆನ್ನಿಗೆ ಅಡ್ಡ ಬಂದು, ಪುಟಗಳು ಬಿರುಸಾಗಿ ನಿಲ್ಲುತ್ತವೆ. ಎಳೆ ಉದ್ದಕ್ಕಿರುವ ಎ3 ಹಾಳೆ ತಂದು, ಎರಡಾಗಿ ಕತ್ತರಿಸಿ, ಆಮೇಲೆ ಮಡಿಸಿ ನೋಡಿ. ಅದೇ ಅಳತೆಯ ಪುಟ ಎಷ್ಟು ಮೆತ್ತಗೆ ಮಗುಚುತ್ತದೆ ಅನ್ನುವುದು ಬೆರಳಿಗೇ ತಿಳಿಯುತ್ತದೆ.

ಹೊಲಿಗೆಯ ಬಗ್ಗೆ ಒಂದೇ ಮಾತು. ದಬ್ಬಳದಿಂದ ತೂತು ಹಾಕುವಾಗ ಕಂತೆಯ ಒಳಗಿನಿಂದ ಹೊರಕ್ಕೆ, ಸರಿಯಾಗಿ ಮಡಿಕೆಯ ಗೆರೆಯ ಮೇಲೆ ಹಾಕಿ. ದಾರ ಬಿಗಿ ಮಾಡುವಾಗ ಬೆನ್ನಿನ ಗುಂಟ ಎಳೆಯಿರಿ, ಮೇಲಕ್ಕೆತ್ತಿ ಎಳೆದರೆ ತೂತು ಹರಿದುಕೊಳ್ಳುತ್ತದೆ. ಹೊಸಬರ ಮೊದಲ ಪುಸ್ತಕ ಹಾಳಾಗುವುದು ಬಹುತೇಕ ಇದರಿಂದಲೇ.

ಉಡುಗೊರೆಗೆ ಮಾಡುವವರು ಒಣಗಲು ದಿನ ಇಟ್ಟುಕೊಳ್ಳಿ. ಮೈದಾ ಅಂಟು ನಿಧಾನ, ಹಾಗಾಗಿ ಕಾಗದವನ್ನು ಸರಿಸಿ ಕೂರಿಸಲು ಸಮಯ ಸಿಗುತ್ತದೆ. ಬಿಳಿ ಪಿವಿಎ ಅಂಟು ಬೇಗ ಹಿಡಿಯುತ್ತದೆ, ಒಮ್ಮೆ ಕೂತರೆ ಬಿಡಿಸುವುದು ಕಷ್ಟ. ಯಾವುದೇ ಆದರೂ ಒಳಬದಿಯ ಹಾಳೆ ಅಂಟಿಸಿದ ಮೇಲೆ ರಾತ್ರಿಯಿಡೀ ಭಾರದ ಕೆಳಗೆ ಇರಲೇಬೇಕು. ಎರಡು ಗಂಟೆಯ ತರಗತಿಯಲ್ಲಿ ಗಟ್ಟಿ ರಟ್ಟಿನ ಪುಸ್ತಕ ಮುಗಿಸಿ ಕಳಿಸುವುದನ್ನು ನಾನು ಬಿಟ್ಟಿದ್ದೇನೆ. ಅಂದೇ ಒಯ್ಯಬೇಕೆಂದರೆ ಅಂಟಿಲ್ಲದ ಜಪಾನಿ ನಾಲ್ಕು ತೂತಿನ ಹೊಲಿಗೆ ಹೇಳಿಕೊಡುತ್ತೇನೆ. ಹಾಗೆ ಹೊಲಿದ ಪುಸ್ತಕ ಪೂರ್ತಿ ತೆರೆದುಕೊಳ್ಳುವುದಿಲ್ಲ, ಆದ್ದರಿಂದ ಹೊಲಿಗೆಯ ಬದಿಯಲ್ಲಿ ಸಾಕಷ್ಟು ಜಾಗ ಬಿಡಿ.

ಈಗ ಹೊಸ ಶೀಟು ಕೈಗೆ ಬಂದ ಕೂಡಲೇ ಬಾಗಿಸಿ ನೋಡಿ, ಹಿಂಬದಿಗೆ ಪೆನ್ಸಿಲಿನಿಂದ ಎಳೆಯ ದಿಕ್ಕಿಗೆ ಬಾಣ ಹಾಕುತ್ತೇನೆ. ಕತ್ತರಿಸಿ ಉಳಿದ ಚೂರಿಗೂ ಬಾಣ. ಆ ಸೀಳುವ ಹುಡುಗಿ ಈಚೆಗೆ ತಾನು ಮನೆಯಲ್ಲಿ ಮಾಡಿದ ಪುಸ್ತಕ ತಂದಿದ್ದಳು. ರಟ್ಟು ಸಮತಟ್ಟಾಗಿ ಕೂತಿತ್ತು. ಮಗುಚಿ ಒಳಗಿನ ಹಾಳೆ ನೋಡಿದರೆ, ಅಳಿಸಲು ಮರೆತ ಬಾಣವೊಂದು ಬೆನ್ನಿನ ಗುಂಟ ನೆಟ್ಟಗೆ ನಿಂತಿತ್ತು.