ರಿಗ್ ನಿಂತ ಮೇಲೂ ಉಳಿಯುವ ಆಫ್‌ಶೋರ್ ಕೆಲಸಗಳು

2014ರ ಜೂನ್‌ನಲ್ಲಿ ಬ್ಯಾರೆಲ್‌ಗೆ 110 ಡಾಲರ್ ದಾಟಿದ್ದ ಬ್ರೆಂಟ್ ಕಚ್ಚಾತೈಲ 2016ರ ಜನವರಿಯಲ್ಲಿ 30 ಡಾಲರ್‌ಗಿಂತ ಕೆಳಗಿಳಿಯಿತು. 2020ರ ಏಪ್ರಿಲ್ 20ರಂದು ಅಮೆರಿಕದ ಡಬ್ಲ್ಯುಟಿಐ ಕಚ್ಚಾತೈಲದ ವಾಯಿದೆ ದರ ಮೈನಸ್ 37.63 ಡಾಲರ್ ಮುಟ್ಟಿತು. 2024ರಲ್ಲಿ ದರ ಹಾಗೆ ಕುಸಿಯದೆಯೇ ಪೆಟ್ಟು ಬಿತ್ತು. ಸೌದಿ ಅರೇಬಿಯಾದ ಸರ್ಕಾರಿ ತೈಲ ಕಂಪನಿ ಅರಾಮ್ಕೊ ದಿನಕ್ಕೆ 1.3 ಕೋಟಿ ಬ್ಯಾರೆಲ್ ಉತ್ಪಾದನಾ ಸಾಮರ್ಥ್ಯದ ಗುರಿ ಬಿಟ್ಟು 1.2 ಕೋಟಿಗೇ ನಿಂತಿತು. ಅದರ ಬೆನ್ನಿಗೇ ಕಡಲತಳಕ್ಕೆ ಕಾಲೂರಿ ಬಾವಿ ಕೊರೆಯುವ ಜಾಕ್‌ಅಪ್ ರಿಗ್‌ಗಳ ಗುತ್ತಿಗೆಗಳು ಸಾಲುಸಾಲಾಗಿ ಅಮಾನತಾದವು. ಮಂಗಳೂರು, ಉಡುಪಿ, ಕಾರವಾರದ ಕಡೆಯಿಂದ ಗಲ್ಫ್‌ಗೆ ದುಡಿಯಲು ಹೋದವರ ಮನೆಗಳಿಗೆ ಇದು ನೇರವಾಗಿ ತಟ್ಟುವ ಸುದ್ದಿ.

ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಹಿಂದೆ ಮಾಡುತ್ತಿದ್ದ ಕೆಲಸವನ್ನೇ, ಹಿಂದಿನ ಏಜೆಂಟರ ಹತ್ತಿರವೇ ಕೇಳುತ್ತಾ ಕೂರುವುದು. ಆಫ್‌ಶೋರ್‌ನಲ್ಲಿ, ಅಂದರೆ ಕಡಲಿನ ತೈಲ-ಅನಿಲ ಕ್ಷೇತ್ರಗಳಲ್ಲಿ, ಎಲ್ಲ ಕೆಲಸವೂ ಒಟ್ಟಿಗೆ ನಿಲ್ಲುವುದಿಲ್ಲ. ಮೊದಲು ನಿಲ್ಲುವುದು ಸೀಸ್ಮಿಕ್ ಸರ್ವೆ (ಕಡಲತಳದಡಿ ಎಣ್ಣೆ ಎಲ್ಲಿದೆಯೆಂದು ಧ್ವನಿ ತರಂಗಗಳಿಂದ ಹುಡುಕುವುದು) ಮತ್ತು ಹೊಸ ಜಾಗದಲ್ಲಿ ಬಾವಿ ಕೊರೆಯುವ ಕೆಲಸ, ಯಾಕೆಂದರೆ ಅಲ್ಲಿ ಇವತ್ತು ಸುರಿದ ಹಣ ವಾಪಸ್ ಬರಲು ವರ್ಷಗಳು ಬೇಕು. ಆಮೇಲೆ ಎಣ್ಣೆ ತೆಗೆಯಲು ಕಡಲಲ್ಲಿ ಕಟ್ಟುವ ಹೊಸ ಪ್ಲಾಟ್‌ಫಾರ್ಮ್ ನಿರ್ಮಾಣ ನಿಧಾನವಾಗುತ್ತದೆ. ರಿಗ್ಗನ್ನು ವಾರ್ಮ್ ಸ್ಟ್ಯಾಕ್ ಮಾಡಿದರೆ, ಅಂದರೆ ಬೇಗ ಮತ್ತೆ ಕೆಲಸಕ್ಕೆ ಇಳಿಸುವಂತೆ ನಿಲ್ಲಿಸಿಟ್ಟರೆ, ಯಂತ್ರಗಳನ್ನು ಚಾಲೂ ಸ್ಥಿತಿಯಲ್ಲಿಡಲು ಒಂದು ಸಣ್ಣ ತಂಡವಾದರೂ ಉಳಿಯುತ್ತದೆ. ಕೋಲ್ಡ್ ಸ್ಟ್ಯಾಕ್ ಆದರೆ, ಅಂದರೆ ಯಂತ್ರಗಳನ್ನೆಲ್ಲ ಆರಿಸಿ ನಿಲ್ಲಿಸಿಟ್ಟರೆ, ಕಾವಲಿನವರನ್ನು ಬಿಟ್ಟು ಬಹುತೇಕ ಯಾರೂ ಇರುವುದಿಲ್ಲ.

ಆದರೆ ಈಗಾಗಲೇ ಎಣ್ಣೆ ಕೊಡುತ್ತಿರುವ ಬಾವಿಯನ್ನು ಯಾರೂ ಸುಮ್ಮನೆ ಮುಚ್ಚುವುದಿಲ್ಲ. ಆ ಪ್ಲಾಟ್‌ಫಾರ್ಮಿನ ಪೈಪು ತುಕ್ಕು ಹಿಡಿಯುತ್ತಲೇ ಇರುತ್ತದೆ, ಪ್ರೆಶರ್ ವೆಸೆಲ್‌ನ ತಪಾಸಣೆಯ ದಿನಾಂಕ ಬಂದೇ ಬರುತ್ತದೆ, ಸೇಫ್ಟಿ ವಾಲ್ವ್ ಪರೀಕ್ಷೆ ಆಗಲೇಬೇಕು. ಹಾಗಾಗಿ ಇನ್‌ಸ್ಪೆಕ್ಷನ್, ಎನ್‌ಡಿಟಿ (ಲೋಹವನ್ನು ಕೆಡಿಸದೆ ಒಳಗಿನ ದೋಷ ಪರೀಕ್ಷಿಸುವುದು), ರೋಪ್ ಆ್ಯಕ್ಸೆಸ್ (ಹಗ್ಗದಲ್ಲಿ ತೂಗಿ ಮಾಡುವ ಕೆಲಸ), ಬ್ಲಾಸ್ಟಿಂಗ್ (ತುಕ್ಕು, ಹಳೆ ಬಣ್ಣ ತೆಗೆಯುವುದು) ಮತ್ತು ಪೇಂಟಿಂಗ್, ಇನ್‌ಸ್ಟ್ರುಮೆಂಟ್ ಮೆಂಟೆನೆನ್ಸ್, ಬಾವಿಯ ವರ್ಕ್‌ಓವರ್ (ಹಳೆಯ ಬಾವಿಯ ದುರಸ್ತಿ), ಹಳೆಯ ಬಾವಿಗೆ ಸಿಮೆಂಟ್ ತುಂಬಿ ಮುಚ್ಚುವ ಕೆಲಸ, ಇವು ಕುಗ್ಗಿದರೂ ಸಾಯುವುದಿಲ್ಲ. ಮೊದಲ ವರ್ಷ ಕಂಪನಿಗಳು ಮೆಂಟೆನೆನ್ಸನ್ನೂ ಮುಂದೂಡುತ್ತವೆ. ಮುಂದೂಡಿದ್ದು ರಾಶಿ ಬಿದ್ದು, ಆಮೇಲೆ ಒಮ್ಮೆಲೇ ಜನ ಬೇಕಾಗುತ್ತಾರೆ. ಡ್ರಿಲ್ಲಿಂಗ್‌ನ ರೌಸ್ಟ್‌ಅಬೌಟ್ (ಡೆಕ್ಕಿನ ಸಹಾಯಕ) ಅಥವಾ ಫ್ಲೋರ್‌ಮ್ಯಾನ್ (ಕೊರೆಯುವ ಅಂಕಣದ ಕೆಲಸಗಾರ) ಆಗಿದ್ದವರು ರಿಗ್ ಮರಳಿ ಬರುವುದನ್ನು ಕಾಯುವ ಬದಲು ವರ್ಕ್‌ಓವರ್ ಕಡೆ, ಇಲ್ಲವೇ ಭಾರದ ಸಾಮಾನು ಕಟ್ಟಿ ಎತ್ತುವ ರಿಗ್ಗರ್ ಕೆಲಸದ ಕಡೆ ತಿರುಗುವುದು ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಜಾಹೀರಾತು ಬರುವುದು ಎಲ್ಲಕ್ಕಿಂತ ಕೊನೆಗೆ. ಮೊದಲು ಟೆಂಡರ್ ಕರೆಯುತ್ತಾರೆ, ನಂತರ ಗುತ್ತಿಗೆ ಯಾರಿಗಾಯಿತೆಂಬ ಸುದ್ದಿ ಬರುತ್ತದೆ, ಆ ಗುತ್ತಿಗೆದಾರ ಉಪಗುತ್ತಿಗೆ ಕೊಡುತ್ತಾನೆ, ಅವನು ಮ್ಯಾನ್‌ಪವರ್ ಸಪ್ಲೈಯರ್‌ಗೆ ಹೇಳುತ್ತಾನೆ. ಅಷ್ಟು ದಾಟಿ ನಿಮ್ಮ ಫೋನಿಗೆ ಸಂದೇಶ ಬರುವ ಹೊತ್ತಿಗೆ ಅರ್ಧ ಜಾಗ ಪರಿಚಯದವರಿಂದಲೇ ತುಂಬಿರುತ್ತದೆ. ಷೇರುಪೇಟೆಯಲ್ಲಿರುವ ಕಂಪನಿಗಳು ದೊಡ್ಡ ಗುತ್ತಿಗೆ ಸಿಕ್ಕಾಗ ಅದನ್ನು ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಲೇಬೇಕು. ಒಎನ್‌ಜಿಸಿಯ ಟೆಂಡರ್‌ಗಳೂ ಸಾರ್ವಜನಿಕವಾಗಿ ಸಿಗುತ್ತವೆ. ವಾರಕ್ಕೊಮ್ಮೆ ಅವನ್ನು ಓದಿ, ಗುತ್ತಿಗೆ ಪಡೆದ ಕಂಪನಿಯ ಹೆಸರು, ಕೆಲಸದ ಬಗೆ, ಅವಧಿ ಬರೆದಿಟ್ಟುಕೊಂಡು ಅದೇ ವಾರ ಸಿವಿ ಕಳಿಸಿ.

ಮುಂಬೈ ಕಡಲಿಗೆ ಬೇರೆಯೇ ಪಂಚಾಂಗ. ಒಎನ್‌ಜಿಸಿಯ ತೈಲಕ್ಷೇತ್ರ ಮುಂಬೈ ಹೈ ಇರುವುದು ದಡದಿಂದ ಸುಮಾರು 160 ಕಿ.ಮೀ. ದೂರದಲ್ಲಿ. ಮುಂಗಾರಿನ ಅಲೆಗಳಲ್ಲಿ ಅಲ್ಲಿ ಬಾರ್ಜ್ (ಚಪ್ಪಟೆ ತಳದ ನೌಕೆ) ನಿಲ್ಲಿಸಿ ನಿರ್ಮಾಣ ಕೆಲಸ ಮಾಡಲಾಗದು. ಅಕ್ಟೋಬರ್‌ನಿಂದ ಮೇ ಕೊನೆಯವರೆಗೆ ಸೀಸನ್. ವೆಲ್ಡರ್, ಫಿಟ್ಟರ್, ರಿಗ್ಗರ್, ಸ್ಕ್ಯಾಫೋಲ್ಡರ್‌ಗಳನ್ನು ಆರಿಸುವುದು ಮಳೆಗಾಲದ ಕೊನೆಗೆ, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಜೂನ್‌ನಲ್ಲಿ ಹೋಗಿ ಏಜೆನ್ಸಿ ಬಾಗಿಲು ತಟ್ಟಿದರೆ 'ನೋಡೋಣ' ಎಂಬ ಮಾತೇ ಸಿಗುವುದು.

ಇನ್ನು ಸರ್ಟಿಫಿಕೇಟು. ಕೈಯಲ್ಲಿ ಹಣ ಕಡಿಮೆ ಇರುವಾಗಲೇ ಜನ ಇದಕ್ಕೆ ತಪ್ಪಾಗಿ ಸುರಿಯುತ್ತಾರೆ. ಆಫ್‌ಶೋರ್ ತರಬೇತಿಯ ಮಾನದಂಡ ರೂಪಿಸುವ ಸಂಸ್ಥೆ ಒಪಿಟೊದ ಬೋಸಿಯೆಟ್ ಅಂದರೆ ಸುರಕ್ಷತೆ, ತುರ್ತು ಪಾರಾಗುವಿಕೆ ಕಲಿಸುವ ಮೂರು ದಿನದ ತರಬೇತಿ, ನಾಲ್ಕು ವರ್ಷ ಚಾಲ್ತಿ. ಅವಧಿ ಮುಗಿಯುವ ಮೊದಲೇ ಹೋದರೆ ಒಂದು ದಿನದ ಮರುತರಬೇತಿ ಫೋಯೆಟ್ ಸಾಕು. ಒಂದೇ ಒಂದು ದಿನ ದಾಟಿದರೂ ಪೂರ್ತಿ ಬೋಸಿಯೆಟ್ ಮತ್ತೆ ಮಾಡಬೇಕು, ಖರ್ಚು ಹಲವು ಪಟ್ಟು ಏರುತ್ತದೆ. ಟ್ರಾಪಿಕಲ್ ಬೋಸಿಯೆಟ್ ಅಗ್ಗ, ಬೆಚ್ಚನೆಯ ನೀರಿನ ಪ್ರದೇಶಗಳಿಗೆ ಸರಿ, ಆದರೆ ಉತ್ತರ ಸಮುದ್ರಕ್ಕೆ ನಡೆಯುವುದಿಲ್ಲ. ಡ್ರಿಲ್ಲರ್‌ಗಳಿಗೆ ಬೇಕಾದ, ಬಾವಿಯ ಒತ್ತಡ ನಿಯಂತ್ರಣದ ಐಡಬ್ಲ್ಯುಸಿಎಫ್ ಸರ್ಟಿಫಿಕೇಟಿನ ಲೆವೆಲ್ 3, ಲೆವೆಲ್ 4 ಚಾಲ್ತಿ ಎರಡೇ ವರ್ಷ. ಕೆಲಸದ ಮಾತು ಖಚಿತವಾಗುವ ಮೊದಲು ಅದನ್ನು ನವೀಕರಿಸಿದರೆ ಅರ್ಧ ಅವಧಿ ಮನೆಯಲ್ಲೇ ಕಳೆಯುತ್ತದೆ. ಎಲೆಕ್ಟ್ರಿಷಿಯನ್ ಮತ್ತು ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್‌ಗಳಿಗೆ ಕಾಂಪೆಕ್ಸ್ ಸರ್ಟಿಫಿಕೇಟ್ ಒಳ್ಳೆಯ ಹೂಡಿಕೆ. ಐದು ವರ್ಷ ಬಾಳುತ್ತದೆ, ಸ್ಫೋಟದ ಅಪಾಯವಿರುವ ಜಾಗದ ಕೆಲಸಕ್ಕೆ ಅದನ್ನೇ ಕೇಳುತ್ತಾರೆ. ಯಾವ ಕೇಂದ್ರಕ್ಕೆ ಹಣ ಕಟ್ಟುವ ಮೊದಲೂ ಅದರ ಹೆಸರು ಆಯಾ ಸಂಸ್ಥೆಯ ಜಾಲತಾಣದ ಪಟ್ಟಿಯಲ್ಲಿದೆಯೇ ನೋಡಿ. 'ಒಪಿಟೊ ಮಟ್ಟದ' ಎಂದು ಬರೆದಿದ್ದರೆ ಅದು ಒಪಿಟೊ ಅಲ್ಲ.

ರೋಪ್ ಆ್ಯಕ್ಸೆಸ್‌ನ ಸರ್ಟಿಫಿಕೇಟ್ ಐರಾಟಾ ಲೆವೆಲ್ 1ಕ್ಕೆ ನಾಲ್ಕು ದಿನ ತರಬೇತಿ, ಒಂದು ದಿನ ಪರೀಕ್ಷೆ, ಮೂರು ವರ್ಷದ ಚಾಲ್ತಿ. ಆದರೆ ಹಗ್ಗದಲ್ಲಿ ಇಳಿಯಲು ಬಂದ ಮಾತ್ರಕ್ಕೆ ಯಾರೂ ಕರೆಯುವುದಿಲ್ಲ. ಹಗ್ಗದಲ್ಲಿ ಇಳಿದು ಅಲ್ಟ್ರಾಸಾನಿಕ್ ಗೇಜ್ ಹಿಡಿದು ಪೈಪಿನ ದಪ್ಪ ಅಳೆಯಬಲ್ಲವನನ್ನು, ಅಥವಾ ಅಲ್ಲೇ ಪೇಂಟಿಂಗ್ ಮಾಡಬಲ್ಲವನನ್ನು ಕರೆಯುತ್ತಾರೆ. ಒಂದು ಹೆಲಿಕಾಪ್ಟರ್ ಸೀಟು, ಒಂದು ಹಾಸಿಗೆ, ಎರಡು ಕೆಲಸ: ಕಂಪನಿಯ ಲೆಕ್ಕ ಇಷ್ಟೇ.

ಕೆಲಸ ಹೋಗುವ ಸೂಚನೆ ಕಂಡ ವಾರವೇ ಕಾಗದಪತ್ರಗಳ ಕಡೆ ಗಮನ ಕೊಡಿ, ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಐರಾಟಾ ಲೆವೆಲ್ 2ಕ್ಕೆ ಏರಲು 12 ತಿಂಗಳು ಮತ್ತು 1000 ಗಂಟೆ ಲಾಗ್‌ಬುಕ್‌ನಲ್ಲಿರಬೇಕು, ಗಂಟೆಗಳಿಗೆ ಲೆವೆಲ್ 3 ಮೇಲ್ವಿಚಾರಕರ ಸಹಿ ಬೇಕು. ತಂಡ ಚದುರಿದ ಮೇಲೆ ಆ ಮೇಲ್ವಿಚಾರಕರನ್ನು ಯಾವ ದೇಶದಲ್ಲಿ ಹುಡುಕುತ್ತೀರಿ? ಎನ್‌ಡಿಟಿಯವರಿಗೆ ಇನ್ನೊಂದು ತೊಡಕಿದೆ. ಅಮೆರಿಕದ ಎನ್‌ಡಿಟಿ ಮಾರ್ಗಸೂಚಿ ಎಸ್‌ಎನ್‌ಟಿ-ಟಿಸಿ-1ಎ ಪ್ರಕಾರದ ಲೆವೆಲ್ 2 ಕೊಡುವುದು ಕೆಲಸ ಕೊಟ್ಟ ಕಂಪನಿ, ಆ ಕಂಪನಿ ಬಿಟ್ಟರೆ ಅದೂ ಮುಗಿಯಿತು. ಹೊಸ ಕಂಪನಿ ಮತ್ತೆ ಪ್ರಮಾಣೀಕರಿಸಲು ತರಬೇತಿ ಗಂಟೆ, ಅನುಭವದ ಗಂಟೆ, ಪರೀಕ್ಷೆಯ ಅಂಕ, ಕಣ್ಣಿನ ಪರೀಕ್ಷೆ, ಎಲ್ಲದರ ನಕಲು ಕೇಳುತ್ತದೆ. ಸ್ವತಂತ್ರ ಸಂಸ್ಥೆ ಕೊಡುವ ಪಿಸಿಎನ್ ಸರ್ಟಿಫಿಕೇಟ್ ಆದರೆ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ. ವೆಲ್ಡರ್‌ಗಳಿಗೆ ಅಮೆರಿಕದ ವೆಲ್ಡಿಂಗ್ ಸಂಹಿತೆ ಎಎಸ್‌ಎಂಇ ಸೆಕ್ಷನ್ 9ರ ನಿಯಮ ಗೊತ್ತಿರಲಿ: ಅರ್ಹತೆ ಪಡೆದ ವೆಲ್ಡಿಂಗ್ ಪ್ರೋಸೆಸ್‌ನಲ್ಲಿ ಆರು ತಿಂಗಳು ವೆಲ್ಡ್ ಮಾಡದಿದ್ದರೆ ಅರ್ಹತೆ ಹೋಗುತ್ತದೆ. ಊರಲ್ಲಿರುವಾಗ ರಿಫೈನರಿ ಶಟ್‌ಡೌನ್ (ಘಟಕ ನಿಲ್ಲಿಸಿ ಮಾಡುವ ದುರಸ್ತಿ) ಕೆಲಸ ಸಿಕ್ಕರೆ, ಸಂಬಳ ಕಡಿಮೆಯಾದರೂ ಹೋಗಿ. ಮಂಗಳೂರಿನ ಎಂಆರ್‌ಪಿಎಲ್‌ನಂಥ ಜಾಗದ ಶಟ್‌ಡೌನ್ ಅನುಭವಕ್ಕೆ ಆಫ್‌ಶೋರ್ ಮಂದಿ ಬೆಲೆ ಕೊಡುತ್ತಾರೆ.

ಸಿವಿಯಲ್ಲಿ 'ತಿರುಗುವ ಯಂತ್ರಗಳ ಮೆಂಟೆನೆನ್ಸ್ ಮಾಡಿದ್ದೇನೆ' ಎಂಬ ಸಾಲಿನಿಂದ ಏನೂ ತಿಳಿಯುವುದಿಲ್ಲ. ಅದೇ ಸಾಲನ್ನು ಹೀಗೆ ಬರೆದು ನೋಡಿ: 'ಸೋಲಾರ್ ಟಾರಸ್ 60 ಗ್ಯಾಸ್ ಟರ್ಬೈನ್, 8000 ಗಂಟೆಯ ತಪಾಸಣೆ, ಬೋರೊಸ್ಕೋಪ್ ನೆರವು, ಅಲೈನ್‌ಮೆಂಟ್ ಸ್ವಂತ ಜವಾಬ್ದಾರಿ, ಪ್ಲಾಟ್‌ಫಾರ್ಮಿನಲ್ಲಿ 14 ತಿಂಗಳು.' ಆಯ್ಕೆ ಮಾಡುವವರು ಗುತ್ತಿಗೆಯಲ್ಲಿರುವ ಯಂತ್ರದ ಹೆಸರನ್ನು ಸಿವಿಯಲ್ಲಿ ಹುಡುಕುತ್ತಾರೆ. ಮೊದಲ ಪುಟದ ಮೇಲ್ಭಾಗದಲ್ಲೇ ಪ್ರತಿ ಸರ್ಟಿಫಿಕೇಟಿನ ಮುಗಿಯುವ ದಿನಾಂಕ, ಪಾಸ್‌ಪೋರ್ಟ್ ಅವಧಿ, ಎಷ್ಟು ದಿನದಲ್ಲಿ ಹೊರಡಬಲ್ಲಿರಿ ಎಂಬುದು ಇರಲಿ. ಯಾರೋ ಕೊನೇ ಗಳಿಗೆಯಲ್ಲಿ ಮೆಡಿಕಲ್ ಫೇಲಾದಾಗ ಆ ಜಾಗ ಸಿಗುವುದು 48 ಗಂಟೆಯಲ್ಲಿ ಹೊರಡಬಲ್ಲವನಿಗೆ. ಆದ್ದರಿಂದ ರಕ್ತದೊತ್ತಡ, ಸಕ್ಕರೆ, ತೂಕ ಈಗಲೇ ನೋಡಿಕೊಳ್ಳಿ, ಹಲ್ಲಿನ ಹುಳುಕಿಗೂ ಈಗಲೇ ಚಿಕಿತ್ಸೆ ಮಾಡಿಸಿ.

ಹಣದ ವಿಚಾರ. ವಿದೇಶಕ್ಕೆ ಕಳಿಸುವ ನೋಂದಾಯಿತ ಏಜೆಂಟ್ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲೆ ಜಿಎಸ್‌ಟಿ. ಏಜೆಂಟರ ನೋಂದಣಿ ಸಂಖ್ಯೆಯನ್ನು ವಿದೇಶಾಂಗ ಸಚಿವಾಲಯದ ಇಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಹಡಗಿನ ಸಿಬ್ಬಂದಿಯಾಗಿ ಹೋಗುವವರಿಗೆ ನಿಯಮ ಇನ್ನೂ ಬಿಗಿ: ಕೇಂದ್ರದ ಹಡಗು ಇಲಾಖೆ ಡಿಜಿ ಶಿಪ್ಪಿಂಗ್‌ನಿಂದ ನಾವಿಕರ ನೇಮಕಾತಿಗೆ ಆರ್‌ಪಿಎಸ್‌ಎಲ್ ಪರವಾನಗಿ ಇರುವವರು ಕೆಲಸ ಕೊಡಿಸಲು ನಾವಿಕರಿಂದ ಹಣ ಪಡೆಯುವಂತಿಲ್ಲ. 'ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸುತ್ತೇವೆ' ಎಂದವರಿಗೆ ಕೈಮುಗಿದು ಎದ್ದು ಬನ್ನಿ. ಸಾಲ ಮಾಡಿ ಕೊಟ್ಟ ಲಕ್ಷಗಳು ಮುಳುಗುವುದು ಬಹುಪಾಲು ಇದೇ ದಾರಿಯಲ್ಲಿ.

ಕೆಲಸವಿಲ್ಲದ ದಿನಗಳಲ್ಲಿ ಯಾವ ಬಾರ್ಜ್ ಸಿಕ್ಕರೂ ಹತ್ತಿಬಿಡುವ ಮನಸ್ಸಾಗುತ್ತದೆ. 2021ರ ಮೇ 17ರಂದು ತೌಕ್ತೆ ಚಂಡಮಾರುತಕ್ಕೆ ಸಿಕ್ಕಿ ಮುಂಬೈ ಹೈ ಬಳಿ ಮುಳುಗಿದ ಪಿ-305 ಬಾರ್ಜ್‌ನಲ್ಲಿ 261 ಜನರಿದ್ದರು. 70ಕ್ಕೂ ಹೆಚ್ಚು ಮಂದಿ ಮರಳಲಿಲ್ಲ. ಅದಕ್ಕೆ ಸ್ವಂತ ಎಂಜಿನ್ ಇರಲಿಲ್ಲ, ಆ್ಯಂಕರ್‌ಗಳೇ ಆಧಾರ. ಸಹಿ ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳಿ: ವಾಸ ಯಾವ ನೌಕೆಯಲ್ಲಿ, ಎಷ್ಟು ದಿನ ಕೆಲಸ ಎಷ್ಟು ದಿನ ರಜೆ, ರಜೆಗೂ ಹವಾಮಾನದಿಂದ ಕೆಲಸ ನಿಂತ ದಿನಕ್ಕೂ ಸಂಬಳವಿದೆಯೇ, ಕಾಯಿಲೆಯಾದರೆ ದಡಕ್ಕೆ ತರುವ ಖರ್ಚು ಯಾರದ್ದು. ನೌಕೆಯ ಹೆಸರಿನ ಜೊತೆ ಅದರ ಅಂತರರಾಷ್ಟ್ರೀಯ ಗುರುತಿನ ಐಎಂಒ ಸಂಖ್ಯೆಯನ್ನೂ ಕೇಳಿ ಪಡೆಯಿರಿ. ಎಕ್ವಾಸಿಸ್ ಜಾಲತಾಣದಲ್ಲಿ ಉಚಿತವಾಗಿ ನೋಂದಾಯಿಸಿಕೊಂಡು ಆ ಏಳಂಕಿಯ ಸಂಖ್ಯೆ ಹಾಕಿದರೆ ನೌಕೆ ಕಟ್ಟಿದ ವರ್ಷ, ನೌಕೆಯ ಸ್ಥಿತಿ ಪ್ರಮಾಣೀಕರಿಸುವ ಯಾವ ಕ್ಲಾಸ್ ಸಂಸ್ಥೆಯಡಿ ಇದೆ, ಬಂದರು ತಪಾಸಣೆಯಲ್ಲಿ ಯಾವಾಗ ತಡೆಹಿಡಿದರು ಎಂಬುದು ಸಿಗುತ್ತದೆ. ಸಂಖ್ಯೆ ಕೊಡಲು ಏಜೆಂಟ್ ಹಿಂದೇಟು ಹಾಕಿದರೆ ಆ ನೌಕೆಗೆ ಹೋಗಬೇಡಿ.