ಬಾಸ್ ಬದಲಾದರೆ ಕೆಲಸ ಬಿಡಬೇಕಾ?

"ನಮ್ಮ ಬಾಸ್ ಬದಲಾಗ್ತಿದ್ದಾರೆ. ಈಗಲೇ ಬೇರೆ ಕಡೆ ನೋಡ್ಕೊಳ್ಳೋದು ಒಳ್ಳೇದಾ?" ನಾನು ಎಚ್‌ಆರ್‌ನಲ್ಲಿದ್ದವಳು ಅಂತ ಗೊತ್ತಾದರೆ ಸಾಕು, ಮದುವೆ ಊಟದಲ್ಲಿ ಪಕ್ಕದ ಎಲೆಯವರೂ ಇದನ್ನೇ ಕೇಳುತ್ತಾರೆ. ನನ್ನ ಉತ್ತರ ಒಂದೇ: ಒಂದು ಅಪ್ರೈಸಲ್, ಅಂದರೆ ನಿಮ್ಮ ಕೆಲಸ ಅಳೆಯುವ ಸುತ್ತು, ಮುಗಿಯಲಿ, ಆಮೇಲೆ ನೋಡಿ.

ಹೊಸಬರು ಬಂದ ವಾರ ಎಲ್ಲರನ್ನೂ ಸೇರಿಸಿ ಒಂದು ಮೀಟಿಂಗ್ ಇರುತ್ತದೆ. ಯಾವಾಗ ಬೇಕಾದರೂ ಬಂದು ಮಾತಾಡಿ ಅನ್ನುತ್ತಾರೆ. ಚಪ್ಪಾಳೆ, ಸಮೋಸ, ಟೀ. ಅದರಿಂದ ಏನೂ ತಿಳಿಯುವುದಿಲ್ಲ. ಯಾರಿಗೆ ಪ್ರಮೋಷನ್ ಸಿಕ್ಕಿತು, ಯಾಕೆ ಸಿಕ್ಕಿತು ಅನ್ನುವುದರಲ್ಲಿ ತಿಳಿಯುತ್ತದೆ.

ಈ ಮಾತು ಬಂದಾಗ ಯಾರಾದರೂ ಮೈಕ್ರೋಸಾಫ್ಟ್ ಕಥೆ ತೆಗೆಯುತ್ತಾರೆ. ಸತ್ಯ ನಾಡೆಲ್ಲಾ, ಅದೇ ನಮ್ಮ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದವರು, 2014ರ ಫೆಬ್ರವರಿಯಲ್ಲಿ ಸಿಇಒ ಆದರು, ಕಂಪನಿಯ ಗಾಳಿಯೇ ಬದಲಾಯಿತು ಅಂತ. ಪೂರ್ತಿ ಹಾಗಲ್ಲ. ಅಲ್ಲಿ ಸ್ಟ್ಯಾಕ್ ರ‍್ಯಾಂಕಿಂಗ್ ಇತ್ತು. ಅಂದರೆ ನೌಕರರನ್ನು ಒಬ್ಬರ ಜೊತೆ ಒಬ್ಬರನ್ನು ಹೋಲಿಸಿ ಮೇಲೆ, ಕೆಳಗೆ ಅಂತ ದರ್ಜೆ ಕೊಡುವುದು; ನಮ್ಮವರು ಬೆಲ್ ಕರ್ವ್ ಅಂತ ಬೈಯುತ್ತಾರಲ್ಲ, ಅದೇ ಜಾತಿ. ತಂಡದಲ್ಲಿ ಹತ್ತೂ ಜನ ಚೆನ್ನಾಗಿ ಕೆಲಸ ಮಾಡಿದರೂ ಯಾರಾದರೊಬ್ಬರನ್ನು ಕೆಳಗೆ ಹಾಕಲೇಬೇಕು. ಹಾಗಿದ್ದಾಗ ಪಕ್ಕದವನಿಗೆ ಕೆಲಸ ಹೇಳಿಕೊಡಲು ಯಾರಿಗೆ ಮನಸ್ಸು ಬರುತ್ತದೆ? ಆ ಪದ್ಧತಿ ತೆಗೆದದ್ದು 2013ರ ನವೆಂಬರ್‌ನಲ್ಲಿ. ಆಗ ಕುರ್ಚಿಯಲ್ಲಿ ಇನ್ನೂ ಹಿಂದಿನ ಸಿಇಒ ಸ್ಟೀವ್ ಬಾಲ್ಮರ್ ಇದ್ದರು.

ನಾಡೆಲ್ಲಾ ಬಂದ ಮೇಲೆ ಎಲ್ಲರೂ ಖುಷಿಯಾಗಿದ್ದರು ಅಂತಲೂ ಅಂದುಕೊಳ್ಳಬೇಡಿ. 2014ರ ಜುಲೈನಲ್ಲೇ ಸುಮಾರು 18,000 ಜನರನ್ನು ತೆಗೆಯುವುದಾಗಿ ಹೇಳಿದರು. ಅದರಲ್ಲಿ ಹೆಚ್ಚಿನವರು ನೋಕಿಯಾ ಖರೀದಿಯಿಂದ ಬಂದವರು. ಅಕ್ಟೋಬರ್‌ನಲ್ಲಿ ತಂತ್ರಜ್ಞಾನ ಕ್ಷೇತ್ರದ ಮಹಿಳೆಯರ ಸಮ್ಮೇಳನದಲ್ಲಿ, ಸಂಬಳ ಜಾಸ್ತಿ ಕೇಳುವ ಬದಲು ವ್ಯವಸ್ಥೆಯನ್ನು ನಂಬಿ ಅನ್ನುವ ಅರ್ಥದ ಮಾತಾಡಿಬಿಟ್ಟರು. ಓದಿ ನನಗೂ ಮೈ ಉರಿದಿತ್ತು. ಆದರೆ ಅವತ್ತೇ ಸಿಬ್ಬಂದಿಗೆಲ್ಲ ಪತ್ರ ಬರೆದು, ನಾನು ಹೇಳಿದ್ದು ಪೂರ್ತಿ ತಪ್ಪು ಅಂತ ಒಪ್ಪಿಕೊಂಡರು. ಮೇಲಿನವರು ತಪ್ಪು ಒಪ್ಪಿಕೊಂಡ ಆಫೀಸಿನಲ್ಲಿ ಕೆಳಗಿನವರೂ ತಪ್ಪು ಮುಚ್ಚಿಡುವುದು ಕಡಿಮೆಯಾಗುತ್ತದೆ. ನನ್ನ ಲೆಕ್ಕದಲ್ಲಿ ಸಮೋಸಾಕ್ಕಿಂತ ಅದು ದೊಡ್ಡದು.

ಅಪ್ರೈಸಲ್ ಬರುವ ತನಕ ಏನು ನೋಡುವುದು ಅಂತೀರಾ? ಮೇಲ್‌ನ ಸಿಸಿ ಸಾಲು ನೋಡಿ, ಅಂದರೆ ಅದರ ಪ್ರತಿ ಇನ್ನೂ ಯಾರ್ಯಾರಿಗೆ ಹೋಗಿದೆ ಅಂತ.

ನಾನಿದ್ದ ಒಂದು ಆಫೀಸಿನಲ್ಲಿ ಹಳೇ ಮ್ಯಾನೇಜರ್ ಮಧ್ಯಾಹ್ನ ಡಬ್ಬಿ ಹಿಡಿದುಕೊಂಡು ನಮ್ಮ ಜೊತೆಗೇ ಕೂರುತ್ತಿದ್ದರು. ಅರ್ಧ ಕೆಲಸ ಚಿತ್ರಾನ್ನದ ಮುಂದೆಯೇ ಮುಗಿಯುತ್ತಿತ್ತು. ಹೊಸಬರು ಬಂದರು. ಕೂಗಾಡುವವರಲ್ಲ, ಸಭ್ಯಸ್ಥರು. ಆದರೆ ಏನಾದರೂ ಎಡವಟ್ಟಾದರೆ ಮೊದಲು ಕೇಳುವುದು, "ಇದು ಯಾರು ಮಾಡಿದ್ದು?" ಎರಡೇ ತಿಂಗಳು. ಪಕ್ಕದ ಟೇಬಲ್‌ನವಳು ಸ್ಟೇಷನರಿ ಬೇಕು ಅಂತ ನನಗೆ ಮೇಲ್ ಕಳಿಸಿದಳು, ಸಿಸಿಯಲ್ಲಿ ಆರು ಜನ. ಕುರ್ಚಿ ತಿರುಗಿಸಿದರೆ ನಾನೇ ಕಾಣುತ್ತಿದ್ದೆ. "ಏನೇ ಇದು?" ಅಂದೆ. "ನಾಳೆ ಕೇಳಿದ್ರೆ ಸಾಕ್ಷಿ ಇರ್ಲಿ ಅಂತ" ಅಂದಳು. ವರ್ಷ ತುಂಬುವ ಮೊದಲೇ ಅವಳು ಕೆಲಸ ಬಿಟ್ಟಳು. ಸಂಬಳ ಕಾರಣವಲ್ಲ.

ಮೊನ್ನೆ ಅಕ್ಕನ ಮಗ ಫೋನ್ ಮಾಡಿದ್ದ. "ಚಿಕ್ಕಮ್ಮಾ, ಹೊಸ ಮ್ಯಾನೇಜರ್ ಸೂಪರ್. ಎಲ್ರಿಗೂ ಬಿರಿಯಾನಿ ಕೊಡಿಸಿದ್ರು."

"ನಿನ್ನೆ ಎಷ್ಟು ಜನಕ್ಕೆ ಸಿಸಿ ಹಾಕಿದೆ?"

ಸ್ವಲ್ಪ ಹೊತ್ತು ಮಾತಿಲ್ಲ. "ತಡಿ, ನೋಡಿ ಹೇಳ್ತೀನಿ" ಅಂದ.