ಬೀಗದ ಕೈ ಯಾರ ಬಳಿ

2019ರ ನವೆಂಬರಿನ ಒಂದು ನಸುಕಿನಲ್ಲಿ, ಜೆರುಸಲೇಮಿನ ಹಳೆಯ ಪಟ್ಟಣದೊಳಗೆ, ಯೇಸುವಿನ ಸಮಾಧಿಯಿದೆಯೆಂದು ಭಕ್ತರು ನಂಬುವ ಚರ್ಚಿನ ಅಂಗಳದಲ್ಲಿ ಚಳಿಗೆ ಮುದುಡಿ ನಿಂತಿದ್ದೆ. ನಾಲ್ಕರ ಹೊತ್ತಿಗೆ ಬಾಗಿಲಿನ ಕಿಂಡಿಯಿಂದ ಯಾರೋ ಚಿಕ್ಕದೊಂದು ಏಣಿಯನ್ನು ಹೊರಗೆ ತಳ್ಳಿದರು. ಹೊರಗಿದ್ದವರು ಅದನ್ನು ಬಾಗಿಲಿಗೆ ಆನಿಸಿ ಹತ್ತಿ, ಉದ್ದನೆಯ ಕಬ್ಬಿಣದ ಕೀಲಿಯಿಂದ ಮೇಲಿನ ಬೀಗ ತೆಗೆದರು. ಕೀಲಿ ಇಟ್ಟುಕೊಳ್ಳುವುದು ಜುದೇ ಮನೆತನ, ಬಾಗಿಲು ತೆರೆಯುವುದು ನುಸೈಬೆ ಮನೆತನ; ಇಬ್ಬರೂ ಮುಸ್ಲಿಮರು.

ಒಳಗೆ ಗ್ರೀಕ್, ಲ್ಯಾಟಿನ್, ಆರ್ಮೇನಿಯನ್, ಕಾಪ್ಟಿಕ್, ಸಿರಿಯನ್, ಇಥಿಯೋಪಿಯನ್ ಎಂಬ ಆರು ಪಂಗಡಗಳ ಹಕ್ಕುಗಳು ಹೆಣೆದುಕೊಂಡಿವೆ. ಯಾರ ವಶದಲ್ಲಿ ಏನಿದೆಯೋ ಅದು ಹಾಗೆಯೇ ಇರಲೆಂದು ಆಟೊಮನ್ ಸುಲ್ತಾನರು 1757ರಲ್ಲಿ ಹೊರಡಿಸಿ 1852ರಲ್ಲಿ ದೃಢಪಡಿಸಿದ ಫರ್ಮಾನೇ ಇಂದಿಗೂ ಇಲ್ಲಿನ ಕಾನೂನು. ಬಾಗಿಲ ಮೇಲಿನ ಕಿಟಕಿಯ ಬಳಿ ಇನ್ನೊಂದು ಮರದ ಏಣಿ 18ನೆಯ ಶತಮಾನದಿಂದಲೂ ನಿಂತಿದೆ; ಎಲ್ಲರೂ ಒಪ್ಪದೆ ಅದನ್ನು ಕದಲಿಸುವಂತಿಲ್ಲ. ಸುಲ್ತಾನರ ಸಾಮ್ರಾಜ್ಯವೇ ಅಳಿದು ಹೋಯಿತು, ಏಣಿ ಮಾತ್ರ ಉಳಿಯಿತು.

ಇಡೀ ನಗರದ ಒಡೆತನಕ್ಕೆ ಅಂಥ ಫರ್ಮಾನೂ ಇಲ್ಲ. 1947ರ ವಿಶ್ವಸಂಸ್ಥೆಯ 181ನೆಯ ನಿರ್ಣಯ ಜೆರುಸಲೇಮನ್ನು ಅಂತರರಾಷ್ಟ್ರೀಯ ಆಡಳಿತಕ್ಕೆ ಒಪ್ಪಿಸಬೇಕೆಂದಿತು. ಮರುವರ್ಷದ ಯುದ್ಧ ಅದನ್ನು ಇಸ್ರೇಲ್ ಮತ್ತು ಜೋರ್ಡಾನ್ ನಡುವೆ ಸೀಳಿತು. 1967ರಲ್ಲಿ ಪೂರ್ವಭಾಗವನ್ನೂ ಗೆದ್ದುಕೊಂಡ ಇಸ್ರೇಲ್, 1980ರಲ್ಲಿ ಇಡೀ ನಗರವನ್ನು ತನ್ನ ರಾಜಧಾನಿಯೆಂದು ಶಾಸನ ಮಾಡಿತು. ಆ ಶಾಸನ ಅಸಿಂಧುವೆಂದು ಭದ್ರತಾ ಮಂಡಳಿಯ 478ನೆಯ ನಿರ್ಣಯ ಸಾರಿತು. ಅಮೆರಿಕ 2018ರಲ್ಲಿ ತನ್ನ ರಾಯಭಾರ ಕಚೇರಿಯನ್ನು ಇಲ್ಲಿಗೆ ತಂದರೂ ನಮ್ಮ ಭಾರತದ ಕಚೇರಿ ಟೆಲ್ ಅವೀವ್‌ನಲ್ಲೇ ಇದೆ. ಪೂರ್ವ ಜೆರುಸಲೇಮ್ ಸೇರಿದಂತೆ ಆಕ್ರಮಿತ ಪ್ರದೇಶದಲ್ಲಿ ಇಸ್ರೇಲಿನ ಇರುವಿಕೆ ಕಾನೂನುಬಾಹಿರವೆಂದು 2024ರ ಜುಲೈನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವು ಸಲಹಾ ಅಭಿಪ್ರಾಯ ನೀಡಿತು. ಕಾಗದದ ಮೇಲೆ ಇಷ್ಟು ಸ್ಪಷ್ಟವಾಗಿರುವ ಸಂಗತಿ ನೆಲದ ಮೇಲೆ ಎಷ್ಟು ಗೋಜಲಾಗಿದೆಯೆಂಬುದು ಹಳೆಯ ಪಟ್ಟಣದಲ್ಲೇ ಇರುವ, ಮುಸ್ಲಿಮರ ಮಸೀದಿಯೂ ಚಿನ್ನದ ಗುಮ್ಮಟವೂ ಉಳ್ಳ ಅಲ್-ಅಕ್ಸಾ ಆವರಣಕ್ಕೆ ಹೋದಾಗಲೇ ನನಗೆ ತಿಳಿದದ್ದು.

ಮುಸ್ಲಿಮೇತರರಿಗೆ ಅಲ್ಲಿಗಿರುವುದು ಮುಘ್ರಬಿ ದ್ವಾರವೊಂದೇ. ಪಶ್ಚಿಮ ಗೋಡೆಯ ಪಕ್ಕದ ಮರದ ಸೇತುವೆಯನ್ನೇರುವ ಮೊದಲು ಪ್ರಾರ್ಥನಾ ಪುಸ್ತಕಗಳೇನಾದರೂ ಇವೆಯೇ ಎಂದು ಚೀಲ ಜಾಲಾಡಿದರು. ಇದೇ ನೆಲದಲ್ಲಿದ್ದ ಯೆಹೂದಿಗಳ ಪುರಾತನ ದೇವಾಲಯದ ಗರ್ಭಗೃಹ ಎಲ್ಲಿತ್ತೆಂಬುದು ಖಚಿತವಿಲ್ಲವಾದ್ದರಿಂದ ತಿಳಿಯದೆ ತುಳಿದರೂ ಅಪಚಾರವೆಂಬುದು ಯೆಹೂದಿ ಧರ್ಮಶಾಸ್ತ್ರಜ್ಞರ ಆತಂಕ; ಹಾಗಾಗಿ ಯೆಹೂದಿಗಳು ಒಳಗೆ ಕಾಲಿಡಕೂಡದೆಂಬ ಮುಖ್ಯ ರಬ್ಬಿಗಳ ಫಲಕ ಅಲ್ಲೇ ಇದೆ. ಅದನ್ನು ದಾಟಿಯೇ, ಈ ನಿಷೇಧವನ್ನು ಒಪ್ಪದ ಯೆಹೂದಿಗಳ ಗುಂಪೊಂದು ಪೊಲೀಸರ ಬೆಂಗಾವಲಿನಲ್ಲಿ ಒಳಹೋಯಿತು. ಒಳಗಿನ ಆಡಳಿತ ಜೋರ್ಡಾನಿನ ವಕ್ಫ್‌ನದು. ಆ ದೇಶದ ವಿಶೇಷ ಪಾತ್ರವನ್ನು ಗೌರವಿಸುವುದಾಗಿ 1994ರ ಶಾಂತಿ ಒಪ್ಪಂದದಲ್ಲಿ ಸ್ವತಃ ಇಸ್ರೇಲೇ ಬರೆದುಕೊಟ್ಟಿದೆ.

ಹೊರಬಂದದ್ದು ಹತ್ತಿ ವ್ಯಾಪಾರಿಗಳ ದ್ವಾರದಿಂದ. ನಾಲ್ಕು ಮೆಟ್ಟಿಲಿಳಿದವನು ಚಿನ್ನದ ಗುಮ್ಮಟವನ್ನು ಇನ್ನೊಮ್ಮೆ ನೋಡೋಣವೆಂದು ತಿರುಗಿದೆ. ಇಸ್ರೇಲಿ ಪೊಲೀಸ್ ಕೈ ಅಡ್ಡ ಇಟ್ಟು, "ನೀವು ಮುಸ್ಲಿಮರೇ?" ಎಂದು ಕೇಳಿದ. ಅಲ್ಲವೆಂದೆ. ಈ ಬಾಗಿಲಿನಿಂದ ಮುಸ್ಲಿಮರಿಗಷ್ಟೇ ಪ್ರವೇಶವೆಂದು ಹೇಳಿ, ಮುಘ್ರಬಿ ದ್ವಾರದ ಕಡೆಗೆ ಬೆರಳು ತೋರಿಸಿದ.